ಅಫಜಲಪುರದಲ್ಲಿ ಎರಡು ಊಟ

ಖಜೂರಿ ನಾಕಾ

ನಾನು ಲಂಡನ್ನಿಗೆ ಹೋಗಿ ಬಂದವನು. ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದು, ಅಲ್ಲಿಯ ಮಂಜು, ದಿನಾ ಬೇಯಿಸಿದ ಆಲೂಗಡ್ಡೆ, ಇವನ್ನೆಲ್ಲ ಧಾರವಾಡದ ಮಿತ್ರರು ಕೇಳಿ ಕೇಳಿ ಬೇಸತ್ತಿದ್ದಾರೆ. ನಾನು ಬಾಯಿ ತೆರೆದರೆ ಎದ್ದು ಹೋಗುವವರೂ ಇದ್ದಾರೆ. ಹೀಗಾಗಿ ಈ ಸಲ ಬೇರೆ ಪರದೇಶದ ಸುದ್ದಿ ಹೇಳುತ್ತೇನೆ. ಸೊಲ್ಲಾಪುರದಲ್ಲಿ ಬೆಳಿಗ್ಗೆ ಮೋಟಾರು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸಿಗುವ ಪರದೇಶ ಇದು.

ನಗಬೇಡಿ. ಕಳೆದ ಆಗಸ್ಟಿನಿಂದ ನಮ್ಮದು ಒಂದು ದೇಶ, ಹೈದರಾಬಾದ್ ಸಂಸ್ಥಾನ ಇನ್ನೊಂದು. ನಡುವೆ ಖಜೂರಿಯ ಹತ್ತಿರ ಅಡ್ಡಗಂಬ ಇದೆ, ಬಂದೂಕು ಇದೆ. ಆ ಕಡೆ ಬೇರೆ ಬಾವುಟ, ಬೇರೆ ನಾಣ್ಯ. ಬಿಳಿಜೋಳದ ಹೊಲ ಮಾತ್ರ ಯಾರನ್ನೂ ಕೇಳದೆ ಈ ಕಡೆಯಿಂದ ಆ ಕಡೆಗೆ ಹಾಗೆಯೇ ಹಬ್ಬಿಕೊಂಡಿತ್ತು.

ನಾಕಾದ ಜಮಾದಾರ ನನ್ನ ಚೀಲ ಬಿಚ್ಚಿಸಿದ. ಬಟ್ಟೆಗಳ ಕೆಳಗೆ ರಬ್ಬರ್ ತಲೆಯ ಸಣ್ಣ ಸುತ್ತಿಗೆ ಸಿಕ್ಕಿತು. ಅವನ ಹುಬ್ಬು ಮೇಲೇರಿತು.

"ಇದು ಎದಕ್ರಿ ಸಾಬ್?"

"ನರ ನೋಡೋದಕ್ಕ. ಮೊಣಕಾಲ ಕೆಳಗ ಮೆಲ್ಲಗ ಬಡದ್ರ ಕಾಲು ತಾನ ಹಾರತದ."

"ತಾನ ಹೆಂಗ ಹಾರತೈತ್ರಿ? ಕಾಲು ನಂದು, ನಾ ಹೇಳ್ದಂಗ ಕೇಳಬೇಕು." ಅವನು ಕುರ್ಚಿಯ ಮೇಲೆ ಕುಳಿತು ಕಾಲ ಮೇಲೆ ಕಾಲು ಹಾಕಿದ. "ಬಡೀರಿ ನೋಡೂಣು."

ಬಡಿದೆ. ಜಮಾದಾರನ ಬೂಟು ಹಾರಿ ಎದುರಿನ ಸ್ಟೂಲಿನ ಮೇಲಿದ್ದ ಚಹಾದ ಬಟ್ಟಲು ನೆಲಕ್ಕೆ ಬಿತ್ತು. ಸುತ್ತಲಿನ ಪೇದೆಗಳು ನಗು ತಡೆಯಲಾರದೆ ಗೋಡೆಯ ಕಡೆಗೆ ಮುಖ ಮಾಡಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ಜಮಾದಾರ ತನ್ನ ಕಾಲನ್ನು ಬೇರೆಯವರ ಕಾಲಿನಂತೆ ನೋಡುತ್ತ, "ಯಾ ಅಲ್ಲಾ" ಎಂದು, ಉಳಿದವರನ್ನೂ ಒಬ್ಬೊಬ್ಬರಾಗಿ ಕೂರಿಸಿದ. ನಾಕಾದ ಕಾಲುಗಳೆಲ್ಲ ಹಾರಿ ಮುಗಿಯುವವರೆಗೆ ನನ್ನ ಹಿಂದೆ ನಿಂತ ಪ್ರಯಾಣಿಕರು ನನಗೆ ಹಿಡಿಶಾಪ ಹಾಕಿದರು.

ಆಮೇಲೆ ನನ್ನ ಹೆಸರು ಕೇಳಿದರು, ತಂದೆಯ ಹೆಸರು ಕೇಳಿದರು, ಅಜ್ಜನ ಹೆಸರೂ ಕೇಳಿದರು. ಹೆಸರು ಹೇಳುವುದರಲ್ಲಿ ಏನು ಕಷ್ಟ? ಪಟಪಟನೆ ಹೇಳಿ ಪರದೇಶಕ್ಕೆ ಕಾಲಿಟ್ಟೆ.

ಆಳಂದ

ದಾರಿಯುದ್ದಕ್ಕೂ ಎದುರಿನಿಂದ ಗಾಡಿಗಳು ಬರುತ್ತಿದ್ದವು. ಬೀಸುವ ಕಲ್ಲು, ತೊಟ್ಟಿಲು, ಹಾಸಿಗೆಯ ಸುರುಳಿ, ಅದರ ಮೇಲೆ ಮಕ್ಕಳು. ಎಲ್ಲರೂ ಸಂಸ್ಥಾನದ ಗಲಭೆಗೆ ಹೆದರಿ ಸೊಲ್ಲಾಪುರದ ಕಡೆಗೆ ಹೊರಟವರು. ಆಳಂದದ ದವಾಖಾನೆಯಲ್ಲಿ ನನ್ನ ಜೊತೆ ಡಾಕ್ಟರಿಕೆ ಓದಿದ ಮಾಣಿಕರಾವ ಇದ್ದಾನೆ. ಅವನು ನನ್ನನ್ನು ಕಂಡವನೇ ಹಣೆ ಚಚ್ಚಿಕೊಂಡ.

"ಊರ ಮಂದಿ ಗಂಟು ಕಟ್ಟಿ ಹೊರಗ ಹೊಂಟಾರ, ನೀ ಒಳಗ ಬರಾಕತ್ತಿ. ಮರೆವಿನ ರೋಗ ನೋಡಾಕ ಬಂದೀಯೋ, ನಿನಗ ಹತ್ತೇತೋ?"

ಅವನ ಕುಚೋದ್ಯಕ್ಕೆ ಕಾರಣ ಹೇಳಬೇಕು. ನನ್ನದು ಮರೆವಿನ ಡಾಕ್ಟರಿಕೆ. 'ಅರವತ್ತಕ್ಕೆ ಅರಳುಮರಳು' ಎಂದು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾನು ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕಲಿತೆ. ಮರೆತು ಮರೆತು ಕೊನೆಗೆ ಉಣ್ಣುವುದನ್ನೂ ಮರೆತು ತೀರಿಕೊಂಡ ಮುದುಕರ ಮೆದುಳನ್ನು ತೆಳ್ಳಗೆ ಕೊಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕರಿ ಎಳ್ಳು ಚೆಲ್ಲಿದ ಹಾಗೆ ಅಲ್ಲಲ್ಲಿ ಚುಕ್ಕೆಗಳು ಕಾಣುತ್ತವೆ. ಆ ಎಳ್ಳು ಯಾಕೆ ಬಿತ್ತು, ಮೊದಲು ಎಲ್ಲಿ ಬಿತ್ತು, ಬೀಳುವ ಮೊದಲೇ ತಿಳಿಯುವುದು ಹೇಗೆ ಎಂಬುದೇ ನನ್ನ ಸಂಶೋಧನೆ. ಈಗ ಮುಂಬಯಿಯಲ್ಲಿ ಅದನ್ನೇ ಮುಂದುವರಿಸಿದ್ದೇನೆ.

ನನ್ನ ಗುರುಗಳೊಬ್ಬರು ಲಂಡನ್ನಿನಲ್ಲಿ ಚಹಾ ಕುಡಿಯುತ್ತ ಒಂದು ಮಾತು ಹೇಳಿದ್ದರು: "ನಿಮ್ಮ ದೇಶದಲ್ಲಿ ಈ ರೋಗ ಇರಲಾರದು. ಮರೆಯುವಷ್ಟು ದಿನ ನಿಮ್ಮವರು ಬದುಕುವುದೇ ಇಲ್ಲವಲ್ಲ." ಆ ಮಾತು ನನಗೆ ನಾಟಿತ್ತು. ನಮ್ಮ ಹಳ್ಳಿಗಳಲ್ಲಿ ಹುಡುಕಿ, ಇದೆ ಎಂದು ತೋರಿಸಿ, ಅಲ್ಲಿಯ ಪತ್ರಿಕೆಯಲ್ಲಿ ಬರೆದು ಅವರ ಬಾಯಿ ಮುಚ್ಚಿಸಬೇಕು. ಸ್ವದೇಶಾಭಿಮಾನವೆಂದು ನಾನು ಅದಕ್ಕೆ ಹೆಸರಿಟ್ಟುಕೊಂಡಿದ್ದೆ. ಸರಳವಾಗಿ ಹೇಳುವುದಾದರೆ ನನಗೊಬ್ಬ ರೋಗಿ ಬೇಕಾಗಿತ್ತು. ನೆಂಟಸ್ತನಕ್ಕೆ ಹೆಣ್ಣು ಹುಡುಕುವವರ ಹಾಗೆ ಊರೂರು ವಿಚಾರಿಸುತ್ತಿದ್ದೆ.

ಊಟಕ್ಕೆ ಕುಳಿತಾಗ ಮಾಣಿಕರಾವ ಹೇಳಿದ: "ಅಫಜಲಪುರದಾಗ ಭಾಗಮ್ಮ ಅಂತ ಒಬ್ಬ ಮುದುಕಿ ಅದಾಳ. ಕಣ್ಣು ತೋರಸಾಕ ಬಂದಿದ್ಲು. ಆಕಿ ಮಗ ಶಿವರಾಯ ಅಂದ, ಅವ್ವ ಇತ್ತಿತ್ಲಾಗ ಸಾರಿಗೆ ಎರಡ ಸಲ ಉಪ್ಪು ಹಾಕ್ತಾಳ, ಇಟ್ಟಿದ್ದು ಇಟ್ಟಲ್ಲಿ ಮರೀತಾಳ ಅಂತ."

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ನಿಂತಿತು.

"ಹಂಗ ಕಣ್ಣು ಅಗಲ ಮಾಡಬ್ಯಾಡ," ಎಂದ ಮಾಣಿಕರಾವ. "ದೊಡ್ಡ ಮನಿ. ಆ ಮನಿ ನಡಿಯೂದು ಆ ಮುದುಕಿ ಟೊಂಕದ ಕೀಲಿಕೈ ಮ್ಯಾಲ. ಈ ಗದ್ದಲದಾಗ ಹೋಗೂದೋ ಇರೂದೋ ಅಂತ ಎಲ್ಲಾರೂ ಆಕಿ ಮಾರಿ ನೋಡಾಕತ್ತಾರ. ನಾಜೂಕಲೆ ಮಾತಾಡು."

ನಾಜೂಕಿನ ಪಾಠ ನನಗೆ ಇವನಿಂದ ಬೇಕೆ ಎಂದುಕೊಂಡೆ.

ಅಫಜಲಪುರ

ಆಳಂದದಿಂದ ಅಫಜಲಪುರಕ್ಕೆ ಗಾಡಿಯಲ್ಲಿ ಹೋಗುವಾಗ ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಹೊಲಗಳಲ್ಲಿ ಜೋಳ ತೆನೆ ಬಿಚ್ಚಿತ್ತು. ನಡುನಡುವೆ ಹಕ್ಕಿ ಕಾಯುವ ಮಂಚಿಗೆಗಳು, ಎತ್ತರದ ಕಂಬಗಳ ಮೇಲೆ ಕಟ್ಟಿದ ಅಟ್ಟಗಳು. ನಮ್ಮ ಧಾರವಾಡದ ಕಡೆಯಂತೆಯೇ. ಪರದೇಶ ಇನ್ನೂ ಶುರುವಾಗಲಿಲ್ಲವಲ್ಲ ಎಂದು ಗಾಡಿಯವನನ್ನು ಕೇಳಬೇಕೆನ್ನಿಸಿತು.

ಭಾಗಮ್ಮ ಎಂಬಾಕೆ ಎತ್ತರದ ಹೆಂಗಸು. ನಡೆದರೆ ಟೊಂಕದ ಕೀಲಿಕೈಗಳು ಝಣ್ ಎನ್ನುತ್ತಿದ್ದವು. ನಾನು ಬಂದು ಕೂರುವುದರೊಳಗೆ ಮಜ್ಜಿಗೆ ಬಂತು, ಆಳಿಗೆ ಗದರಿಕೆ ಆಯಿತು, ಗಾಡಿಯ ಎತ್ತಿಗೆ ಕಣಿಕೆ ಬಿತ್ತು. ಶಿವರಾಯ, ನಡುವಯಸ್ಸಿನ ಮೆತ್ತಗಿನ ಮನುಷ್ಯ, ಅವ್ವನ ಹಿಂದೆ ಹಿಂದೆಯೇ ತಿರುಗುತ್ತಿದ್ದ. ಯಜಮಾನರು ಜೇವರ್ಗಿಗೆ, ಮಗಳ ಮನೆಗೆ ಹೋಗಿದ್ದಾರೆಂದು ಹೇಳಿದ. ಅಲ್ಲಿ ಬಸುರಿ ಮೊಮ್ಮಗಳ ಕುಪ್ಪಸದ ಕಾರ್ಯ, ಅಂದರೆ ಸೀಮಂತ.

ಪರೀಕ್ಷೆಯ ಹೊತ್ತಿನಲ್ಲಿ ಯಾರೂ ಉತ್ತರ ಎತ್ತಿಕೊಡಬಾರದು ಎಂಬುದು ಲಂಡನ್ನಿನ ಶಿಸ್ತು. ಎಲ್ಲರನ್ನೂ ಹೊರಗೆ ಕಳಿಸಿ ಪಡಸಾಲೆಯ ಬಾಗಿಲು ಮುಂದೆ ಮಾಡಿದೆ. ಪರಗಂಡಸಿನೊಡನೆ ಒಬ್ಬಳೇ ಕುಳಿತ ಭಾಗಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡರು.

ಬಟನ್ನು, ಚಾಕು, ಸೀಸದ ಕಡ್ಡಿ ತೋರಿಸಿ ಅಡಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ ಬಟನ್ನು ಮತ್ತು ಚಾಕು ನೆನಪಿದ್ದವು, ಮೂರನೆಯದು ಇರಲಿಲ್ಲ. ನನಗೆ ಹುರುಪು ಬಂತು.

"ಆಯಿ, ಈಗ ಈ ನಾಡಿನ ದೊರಿ ಯಾರು?"

"ಯಾರು ಬಂದ್ರೂ ಜ್ವಾಳ ನಾವೇ ಬೀಸಬೇಕಲ್ರಿ," ಎಂದು ಭಾಗಮ್ಮ ನಕ್ಕರು.

ಮರೆತವರು 'ಮರೆತೆ' ಎನ್ನುವುದಿಲ್ಲ. ನಗುತ್ತಾರೆ, ಮಾತು ತಿರುಗಿಸುತ್ತಾರೆ, ಮರುಪ್ರಶ್ನೆ ಹಾಕುತ್ತಾರೆ. ಇದು ನಮ್ಮ ಶಾಸ್ತ್ರದ ಮೊದಲ ಪಾಠ. ನನ್ನ ಹುರುಪು ಇನ್ನೂ ಏರಿತು. ಕೊನೆಯ ಪ್ರಶ್ನೆ ಎತ್ತಿದೆ. ಲಂಡನ್ನಿನಲ್ಲಿ ಇದಕ್ಕೆ ತಡವರಿಸಿದರೆ ರೋಗ ಬಹಳ ಮುಂದುವರಿದಿದೆ ಎಂದು ಅರ್ಥ.

"ನಿಮ್ಮ ಯಜಮಾನ್ರ ಹೆಸರೇನು?"

ಭಾಗಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಗಿಲ ಕಡೆಗೆ ನೋಡಿದರು.

"ಹಂಗ ಕೇಳ್ತಾರೇನ್ರಿ?"

"ಹೇಳ್ರಿ. ಹೆದರಬ್ಯಾಡ್ರಿ."

"ಅವ್ರೇರಿ. ಈ ಮನಿ ಮಾಲಕರು. ಶಿವರಾಯನ ಅಪ್ಪ."

"ಅದು ಗೊತ್ತಾತು. ಹೆಸರು? ಹೆಸರೇನು?"

ಸೆರಗು ಬಾಯಿಗೆ ಬಂತು. ತಲೆ ತಗ್ಗಿತು. ನಾನು ದನಿ ಎತ್ತರಿಸಿ ಮತ್ತೆ ಕೇಳಿದೆ. ಆಕೆ ಎದ್ದು, "ಮಜ್ಜಿಗಿ ಇನ್ನಷ್ಟು ತರ್ತೇನ್ರಿ" ಎಂದು ಹೊರಟರು. ನನ್ನ ಖಾಲಿ ಲೋಟವನ್ನು ಅಲ್ಲೇ ಬಿಟ್ಟು ಹೋದರು. ಅದನ್ನೂ ನಾನು ರೋಗದ ಲೆಕ್ಕಕ್ಕೇ ಹಾಕಿದೆ.

ಸಿಕ್ಕಿತು! ನನ್ನೊಳಗೆ ಎದ್ದದ್ದು ಆ ಒಂದೇ ಮಾತು. ಒಬ್ಬ ಹೆಂಗಸಿನ ಬುದ್ಧಿ ಕಳೆದುಹೋಗಿದೆ ಎಂದು ತಿಳಿದು ಹಿಗ್ಗಿದ ಮನುಷ್ಯ ನಾನು. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಹೊರಗೆ ಬಂದು ಶಿವರಾಯನಿಗೆ ತೀರ್ಪು ಕೊಟ್ಟೆ. ಕಾರಣ ವಿವರಿಸುವುದು ದೊಡ್ಡ ಡಾಕ್ಟರರ ರೂಢಿಯಲ್ಲ. ಆದ್ದರಿಂದ ತೀರ್ಪು ಮಾತ್ರ. "ನಿಮ್ಮ ತಾಯಿಯವರ ಮೆದುಳಿನ ರೋಗ ಬಹಳ ಮುಂದ ಹೋಗ್ಯದ. ಇದಕ್ಕ ಔಷಧ ಇಲ್ಲ. ಇನ್ನ ಒಲಿ ಹತ್ರ ಬಿಡಬ್ಯಾಡ್ರಿ, ಕೀಲಿಕೈ ಕೊಡಬ್ಯಾಡ್ರಿ, ಅವರ ಮಾತಿನ ಮ್ಯಾಲ ಯಾವ ನಿರ್ಧಾರಾನೂ ಮಾಡಬ್ಯಾಡ್ರಿ."

"ಬರೇ ಉಪ್ಪಿಂದು ಅಂತ ತಿಳ್ಕೊಂಡಿದ್ದೆವ್ರಿ," ಎಂದ ಶಿವರಾಯ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಮಜ್ಜಿಗೆಯ ಚರಿಗೆ ಹಿಡಿದು ಬರುತ್ತಿದ್ದ ತಾಯಿಯ ಎದುರು ಕೈ ಚಾಚಿದ.

"ಅವ್ವ, ಕೀಲಿಕೈ ಕೊಡು."

"ಯಾಕೋ?"

"ಕೊಡವ್ವ. ಡಾಕ್ಟರ್ ಹೇಳ್ಯಾರ."

ಭಾಗಮ್ಮ ಚರಿಗೆಯನ್ನು ಕೆಳಗಿಟ್ಟರು. ಟೊಂಕದಿಂದ ಗೊಂಚಲು ಬಿಚ್ಚಿ ಮಗನ ಕೈಗೆ ಹಾಕಿದರು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗುವಾಗ ಅವರ ನಡಿಗೆಗೆ ಸದ್ದೇ ಇರಲಿಲ್ಲ.

ನಾನು ಇನ್ನಷ್ಟು ರೋಗಿಗಳನ್ನು ಹುಡುಕುತ್ತ ಜೇವರ್ಗಿಯ ಕಡೆಗೆ ಹೋಗುವವನಿದ್ದೆ. ಶಿವರಾಯ ಕಣ್ಣು ಒರೆಸಿಕೊಳ್ಳುತ್ತ ಅಂದ: "ನಮಗ ಅಪ್ಪಗ ಹೇಳೂ ಧೈರ್ಯ ಇಲ್ರಿ. ನೀವೇ ಹೇಳ್ರಿ. ಜೇವರ್ಗ್ಯಾಗ ನಮ್ಮ ಭಾವ ಮಲ್ಲಣ್ಣನ ಮನಿ ಅಂದ್ರ ಯಾರರೆ ತೋರಸ್ತಾರ."

ಘತ್ತರಗಿಯ ಹೊಳೆ

ಘತ್ತರಗಿಯಲ್ಲಿ ಭೀಮಾ ನದಿಯನ್ನು ಹರಿಗೋಲಿನಲ್ಲಿ ದಾಟಬೇಕು. ಭಾಗ್ಯವಂತಿ ದೇವಿಯ ದರ್ಶನ ಮುಗಿಸಿದವರು ಕಾಯಿ, ಕುಂಕುಮ, ಬುತ್ತಿಯ ಗಂಟು ಹಿಡಿದು ಒತ್ತೊತ್ತಾಗಿ ಕುಳಿತಿದ್ದರು. ಬೂಟು ಒದ್ದೆಯಾಗಬಾರದೆಂದು ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಹರಿಗೋಲು ಬುಗುರಿಯಂತೆ ತಿರುಗಿದ ಕೂಡಲೇ ಒಂದು ಬೂಟು ಜಾರಿ ನೀರಿಗೆ ಬಿತ್ತು. ಲಂಡನ್ನಿನಲ್ಲಿ ಕೊಂಡ ಬೂಟು. ಅಂಬಿಗ ಸಮಾಧಾನ ಮಾಡಿದ: "ಇನ್ನೊಂದನ್ನೂ ಒಗೀರಿ ಸಾಹೇಬ್ರ. ಸಿಕ್ಕವ್ರಿಗೆ ಜೋಡಿ ಆಗ್ತೈತಿ."

ಆಚೆ ದಂಡೆಯಲ್ಲಿ ಇಳಿಯುವಾಗ ಒಬ್ಬ ಹೆಂಗಸು ಮುಂದೆ ಹೋಗಿಬಿಟ್ಟ ಗಂಡನನ್ನು ಕೂಗಿದಳು: "ರೀ! ಏನ್ರೀ! ಕೇಳಿಸ್ತೇನ್ರಿ!" ದಂಡೆಯ ಮೇಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ನಾನೂ ತಿರುಗಿದೆ. ನನ್ನ ತಾಯಿ ಜೀವಮಾನವಿಡೀ ತಂದೆಯನ್ನು ಕರೆದದ್ದು ಹೀಗೆಯೇ. ನಕ್ಕು, ಬರಿಗಾಲಿನಲ್ಲಿ ಕುಂಟುತ್ತ ದಂಡೆ ಏರಿದೆ.

ಇಷ್ಟು ಕಂಡೂ ನನಗೆ ಹೊಳೆಯಲಿಲ್ಲ. ಕಣ್ಣೆದುರು ಬಂದು ಕೂಗಿ ಹೋದರೂ ಹೊಳೆಯಲಿಲ್ಲ.

ಜೇವರ್ಗಿ

ಮಲ್ಲಣ್ಣನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಹಸಿರು ಸೀರೆ ಉಟ್ಟ ಬಸುರಿ ಹುಡುಗಿಯ ಸುತ್ತ ಹೆಂಗಸರ ಗದ್ದಲ. ಯಜಮಾನರು ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ತೆಳ್ಳಗಿನ ಮುದುಕರು, ಬಿಳಿ ರುಮಾಲು, ಹಕ್ಕಿಯ ಕಣ್ಣು. ನಾನು ಡಾಕ್ಟರೆಂದೂ ಅವರ ಮನೆಯಿಂದಲೇ ಬರುತ್ತಿದ್ದೇನೆಂದೂ ತಿಳಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನನ್ನ ಬರಿಗಾಲು ನೋಡಿದರೂ ಏನೂ ಕೇಳಲಿಲ್ಲ. ಒಳಗಿನಿಂದ ಒಂದು ಜೋಡಿ ಮೆಟ್ಟು ತರಿಸಿಕೊಟ್ಟರು.

ಮೆಲ್ಲಗೆ ವಿಷಯ ಹೇಳಿದೆ. ರೋಗದ ಹೆಸರು, ಅದರ ಹಾದಿ, ಮುಂದೆ ಆಗುವುದು. ಅಡಕೊತ್ತು ನಿಂತಿತು.

"ನಿಮಗ ಹೆಂಗ ಗೊತ್ತಾತ್ರಿ?"

"ಒಂದು ಪ್ರಶ್ನಿ ಕೇಳ್ತೀವಿ. ಅದಕ್ಕ ಉತ್ತರ ಬರದಿದ್ರ ಬಹಳ ಹೋಗೇತಂತ ಅರ್ಥ." ಅವರಿಗೆ ಇದು ನೋವಾಗುತ್ತದೆಂದು ತಡೆದು ತಡೆದು ಹೇಳಿದೆ: "ಅವರಿಗೆ ನಿಮ್ಮ ಹೆಸರೂ ನೆನಪಿಲ್ಲ."

ಮುದುಕರು ಅಡಕೊತ್ತನ್ನು ಕೆಳಗಿಟ್ಟರು.

"ಕೇಳಿದ್ರಿ? ನೀವು? ಆಕಿಗೆ ನನ್ನ ಹೆಸರು ಹೇಳು ಅಂತ ಕೇಳಿದ್ರಿ?"

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಚಪ್ಪರದಲ್ಲಿ ಹೋ ಎಂದು ನಗೆ ಎದ್ದಿತು. ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಬಸುರಿ ಹುಡುಗಿಯನ್ನು ಒಳಗೆ ಬಿಡುತ್ತಿರಲಿಲ್ಲ. "ಹೆಸರು ಹೇಳು, ಬಿಡ್ತೇವಿ! ಒಡಪು ಹಚ್ಚಿ ಹೇಳು!" ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿತು. ತಲೆ ತಗ್ಗಿಸಿತು. ಅತ್ತ ಇತ್ತ ನೋಡಿತು. ಕೊನೆಗೆ ಎಲ್ಲರೂ ಸುಮ್ಮನಾದಾಗ ಒಂದೇ ಉಸಿರಿಗೆ ಹೇಳಿತು:

"ಬೆಳ್ಳಿ ಬಟ್ಟಲದಾಗ ಕೆನಿಮೊಸರ ಸಕ್ಕರಿ,
ಶಂಕರಪ್ಪನವರು ನಕ್ಕರ ನನಗ ಅಕ್ಕರಿ."

ಅದೇ ಸೆರಗು. ಅದೇ ತಗ್ಗಿದ ತಲೆ. ಅದೇ ಅತ್ತಿತ್ತ ನೋಟ.

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ. ಹೇಳಲೇಬೇಕಾದರೆ ಮದುವೆ, ಕುಪ್ಪಸ, ತೊಟ್ಟಿಲಿನ ಹೊತ್ತಿನಲ್ಲಿ, ಹೀಗೆ ಪ್ರಾಸದ ಒಡಪಿನೊಳಗೆ ಬಚ್ಚಿಟ್ಟು ಒಮ್ಮೆ ಹೇಳುತ್ತಾರೆ. ಇದು ಧಾರವಾಡದಲ್ಲಿ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಯಾವ ಸಮುದ್ರದಲ್ಲಿ ಅದನ್ನು ಚೆಲ್ಲಿ ಬಂದೆನೋ! ಪರದೇಶ ಎಲ್ಲಿ ಶುರುವಾಗುತ್ತದೆ ಎಂದು ದಾರಿಯುದ್ದಕ್ಕೂ ಹುಡುಕುತ್ತಿದ್ದೆನಲ್ಲ, ಅದನ್ನು ನನ್ನ ತಲೆಯಲ್ಲೇ ಹೊತ್ತುಕೊಂಡು ತಿರುಗುತ್ತಿದ್ದೆ.

"ನಮ್ಮ ಮದಿವ್ಯಾಗ ಒಮ್ಮೆ ಹೇಳ್ಯಾಳ," ಮುದುಕರು ಅಡಿಕೆಯ ಚೂರುಗಳನ್ನೇ ನೋಡುತ್ತ ಅಂದರು. "ಶಿವರಾಯನ ತೊಟ್ಟಲದಾಗ ಒಮ್ಮೆ. ಹಿಂಗ ಯಾವಾಗರೆ. ನೀವು ಬಾಗಲ ಮುಚ್ಚಿ, ಎದರಾಎದರ ಕುಂತು, ಹೆಸರು ಒದರು ಅಂದ್ರ ಆಕಿ ಏನು ಮಾಡಬೇಕ್ರಿ?"

"ತಪ್ಪಾತ್ರಿ," ಎಂದೆ.

"ಏನು ಹೇಳಿ ಬಂದೀರಿ ಮನ್ಯಾಗ?"

ಒಲೆಯ ಮಾತು, ಕೀಲಿಕೈಯ ಮಾತು ಹೇಳಿದೆ. ಅವರು ಎದ್ದು ರುಮಾಲು ಸರಿಮಾಡಿಕೊಂಡರು.

"ಊಟ ಮಾಡ್ರಿ. ಮುಂಜಾನೆ ಹೊರಡೂಣು. ನೀವೇ ಬಿಚ್ಚಿಸೀರಿ, ನೀವೇ ಕಟ್ಟಸ್ರಿ."

ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಅವರು ನನಗೆ ತಮ್ಮ ಬುತ್ತಿಯ ರೊಟ್ಟಿ ಕೊಟ್ಟರು, ಗಾಡಿಯಲ್ಲಿ ಮೆತ್ತಗಿನ ಜಾಗ ಬಿಟ್ಟುಕೊಟ್ಟರು, ಹೊಲದ ಸೀತನಿ, ಎಳೆ ಜೋಳದ ತೆನೆ, ಸುಡಿಸಿ ತಿನ್ನಿಸಿದರು.

ಮತ್ತೆ ಅಫಜಲಪುರ

ಮನೆ ಬೇರೆಯಾಗಿ ಕಂಡಿತು. ಕೀಲಿಕೈ ಗೂಟಕ್ಕೆ ತೂಗುಬಿದ್ದಿತ್ತು. ಭಾಗಮ್ಮ ಪಡಸಾಲೆಯ ಮೂಲೆಯಲ್ಲಿ ಕಂಬಕ್ಕೆ ಒರಗಿ, ಕೈ ಮಡಿಲಲ್ಲಿಟ್ಟು ಕುಳಿತಿದ್ದರು. ಮಜ್ಜಿಗೆ ಬರಲಿಲ್ಲ, ಗದರಿಕೆ ಇರಲಿಲ್ಲ. ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು: "ಅತ್ತಿ ನಿನ್ನಿಯಿಂದ ಉಂಡಿಲ್ರಿ. ನನಗೇನೂ ತಿಳಿಯಂಗಿಲ್ಲಂತ, ಉಂಡೇನೋ ಬಿಟ್ಟೇನೋ ಅಂತಾರ್ರಿ."

ನಾನು ಎಲ್ಲರ ಎದುರು ಹೇಳಿದೆ. ತಪ್ಪು ನನ್ನದು, ಕೇಳಬಾರದ್ದನ್ನು ಕೇಳಿದೆ, ಆಕೆ ಹೇಳದಿದ್ದದ್ದು ಮರೆವಿನಿಂದಲ್ಲ, ಮರ್ಯಾದೆಯಿಂದ. ಶಿವರಾಯನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವನು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯುವ ಹಾಗಿಲ್ಲ. ಬಾಗಿ ಭಾಗಮ್ಮನ ಪಾದ ಮುಟ್ಟಿದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡರು.

ಶಿವರಾಯ ಗೊಂಚಲನ್ನು ತಂದು ಮುಂದಿಟ್ಟ. ಆಕೆ ಮುಟ್ಟಲಿಲ್ಲ.

"ನನಗ ಖರೇನ ತಿಳೀತೈತೋ ಇಲ್ಲೋ, ಯಾರಿಗೆ ಗೊತ್ತಪ್ಪ. ಡಾಕ್ಟರ್ ಸುಳ್ಳು ಹೇಳ್ತಾರೇನು?"

ಸೊಸೆಗೆ ಉಪಾಯ ಹೊಳೆಯಿತು. "ಅತ್ತಿ, ಒಡಪು ಹಚ್ಚಿ ಹೆಸರು ಹೇಳ್ರಿ. ತಿಳೀತೈತಿ ಅಂತ ಎಲ್ಲಾರಿಗೂ ಗೊತ್ತಾಗ್ಲಿ." ನೆರೆಮನೆಯ ಹೆಂಗಸರೂ ಬಂದು ಸೇರಿದರು. ಹೇಳು ಹೇಳು ಎಂದು ಹುರಿದುಂಬಿಸಿದರು. ಯಜಮಾನರು ಬಾಗಿಲ ಬಳಿ ಮುಖ ತಿರುಗಿಸಿ ಕುಳಿತರು, ತಮಗೆ ಸಂಬಂಧವೇ ಇಲ್ಲದವರಂತೆ.

ಕೊನೆಗೆ ಭಾಗಮ್ಮ ಸೆರಗು ಸರಿಮಾಡಿಕೊಂಡರು. ದನಿ ಸಣ್ಣದಾಗಿ ಹೊರಟಿತು.

"ಭೀಮಿ ದಂಡಿ ಹೊಲದಾಗ ಬಿಳಿಜ್ವಾಳದ ತೆನಿ,
ತೆನಿ ಕಾಯಾಕ ಕಟ್ಟ್ಯಾರ ಮಂಚಿಗಿಯ ಮನಿ,
ಮಂಚಿಗಿ ಏರಿ ಕವಣಿ ಬೀಸೋರ ದನಿ,
ದನಿ ಕೇಳಿ ಬುತ್ತಿ ಒಯ್ದೆ..."

ಅಲ್ಲಿಗೆ ನಿಂತಿತು.

ಹೆಂಗಸರು ನಕ್ಕರು, ನಾಚಿಕೆ ಎಂದುಕೊಂಡು. ನಾನು ನಗಲಿಲ್ಲ. ಸೆರಗು ಬಾಯಿಗೆ ಹೋಗಿರಲಿಲ್ಲ. ತಲೆ ತಗ್ಗಿರಲಿಲ್ಲ. ತುಟಿ ತೆರೆದೇ ಇತ್ತು, ಕಣ್ಣು ಕತ್ತಲ ಕೋಣೆಯಲ್ಲಿ ಬೆಂಕಿಪೊಟ್ಟಣ ಹುಡುಕುವವರ ಕೈಯಂತೆ ತಡಕಾಡುತ್ತಿತ್ತು. ಆ ಮುಖವನ್ನು ನಾನು ಲಂಡನ್ನಿನಲ್ಲಿ ನೂರು ಸಲ ಕಂಡಿದ್ದೇನೆ. ಈ ಸಲ ಅದು ನಿಜವಾಗಿಯೂ ಮರೆವು.

ನಗು ತಾನಾಗಿಯೇ ನಿಂತಿತು. ಯಾರಾದರೂ ಎತ್ತಿಕೊಡಬೇಕು. ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲ. ಅಪ್ಪನ ಎದುರು ಅಪ್ಪನ ಹೆಸರನ್ನು ಮಗ ಎತ್ತುವಂತಿಲ್ಲ. ನೆರೆಯವರೆಲ್ಲ ಕಾಕಿ, ಅತ್ತಿಗೆ ಎಂದು ಸಂಬಂಧ ಹಚ್ಚಿಕೊಂಡವರು. ಹೇಳಲು ಯಾವ ಅಡ್ಡಿಯೂ ಇಲ್ಲದ ಒಬ್ಬನೇ ಮನುಷ್ಯ ನಾನು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಶಿವರಾಯ ಕಣ್ಣಿನಲ್ಲೇ ಬೇಡಿಕೊಂಡ: ಹೇಳ್ರಿ.

ನಾನು ಬಾಯಿ ತೆರೆದೆ. ನನಗೆ ಆ ಹೆಸರು ಗೊತ್ತಿರಲಿಲ್ಲ.

ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ಪರೀಕ್ಷೆಯ ದಿನ ಸರಿಯಾದ ಉತ್ತರ ಏನೆಂದು ತಿಳಿಯದೆಯೇ ಪ್ರಶ್ನೆ ಹಾಕಿದ್ದೆ. ಅವರ ಮೆಟ್ಟು ಹಾಕಿಕೊಂಡು, ಅವರ ರೊಟ್ಟಿ ತಿಂದು, ಅವರ ಜೊತೆಗೇ ಭೀಮೆ ದಾಟಿ ಬಂದವನು, 'ಯಜಮಾನ್ರೆ' ಎಂದೇ ಕರೆಯುತ್ತ ಬಂದಿದ್ದೆ. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ.

ಆಗ ಬಾಗಿಲ ಕಡೆಯಿಂದ ಗೊಗ್ಗರು ದನಿಯೊಂದು ಕೇಳಿಸಿತು. ಯಜಮಾನರು ಹೊರಗಿನ ಬೀದಿಯನ್ನೇ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಗುನುಗುತ್ತಿದ್ದರು: "ಭೀಮಿ ದಂಡಿ ಹೊಲದಾಗ..." ಬೀಸುವ ಕಲ್ಲಿಗೆ ಇನ್ನೊಂದು ಕೈ ಹಚ್ಚುವಂತೆ ಭಾಗಮ್ಮ ದನಿಗೂಡಿಸಿದರು. ಬಿಳಿಜೋಳದ ತೆನಿ ಬಂತು, ಮಂಚಿಗಿಯ ಮನಿ ಬಂತು, ಕವಣಿ ಬೀಸೋರ ದನಿ ಬಂತು. ಮುದುಕರು ಅಲ್ಲಿಗೆ ಬಿಟ್ಟರು. ಆಕೆ ಒಬ್ಬರೇ ಮುಂದೆ ಹೋದರು.

"ದನಿ ಕೇಳಿ ಬುತ್ತಿ ಒಯ್ದೆ ರೇವಣಸಿದ್ದಪ್ಪನವರಿಗಿ!"

ಹೆಂಗಸರು ಹೋ ಎಂದರು. ಭಾಗಮ್ಮನ ಮುಖ ಕೆಂಪಾಯಿತು. ರೇವಣಸಿದ್ದಪ್ಪನವರು ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡರು. ಕೀಲಿಕೈ ಟೊಂಕ ಸೇರಿತು. ಝಣ್ ಎಂದು ಅಡುಗೆಮನೆಗೆ ಹೋದ ಸದ್ದಿಗೆ ಶಿವರಾಯ ಅಳುತ್ತ ನಕ್ಕ.

ಅಡುಗೆಯಾದ ಮೇಲೆ ಊಟಕ್ಕೆ ಕರೆದರು. ನಾನು ಒಳಗೆ ಕಾಲಿಡಬೇಕು, ಭಾಗಮ್ಮ ಹೊಸ್ತಿಲಿಗೆ ಅಡ್ಡ ನಿಂತರು.

"ನಿಂದರ್ರಿ. ನಿಮ್ಮ ಮನ್ಯಾಕಿ ಹೆಸರು ಹೇಳಿ ಒಳಗ ಬರ್ರಿ."

"ಸುಶೀಲಾ," ಎಂದೆ.

"ಹಂಗ ಬ್ಯಾಡ್ರಿ. ಒಡಪು ಹಚ್ಚಿ ಹೇಳ್ರಿ."

ಸಂಶೋಧನಾ ಪ್ರಬಂಧ ಬರೆದವನಿಗೆ ಎರಡು ಸಾಲು ಹೊಳೆಯಲಿಲ್ಲ. ಬೆವರಿದೆ, ನಕ್ಕೆ, ಬಾಗಿಲ ಕಡೆ ನೋಡಿದೆ. ಭಾಗಮ್ಮ ಸೊಸೆಯ ಕಡೆ ತಿರುಗಿದರು. "ಪಾಪ, ಬಹಳ ಮುಂದ ಹೋಗೇತಿ. ಇವ್ರ ಕೈಯಾಗ ಕೀಲಿಕೈ ಕೊಡಬ್ಯಾಡ್ರಿ." ಮನೆ ನಗೆಯಿಂದ ತುಂಬಿತು. ಎಲ್ಲರಿಗಿಂತ ಜೋರಾಗಿ ರೇವಣಸಿದ್ದಪ್ಪನವರು ನಕ್ಕರು. ನನ್ನನ್ನು ಕ್ಷಮಿಸಿದ್ದಾರೆಂದು ತಿಳಿದು ಹೊಟ್ಟೆ ತುಂಬ ಉಂಡೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಆಕೆ ಒಲೆಯ ಮುಂದೆ ಕುಳಿತೇ ಬಡಿಸಿದರು. ಸೊಸೆ ಸುಮ್ಮನೆ ಪಕ್ಕದಲ್ಲಿದ್ದಳು.

ಕೈ ತೊಳೆದು ಅಂಗಳಕ್ಕೆ ಬಂದೆವು. ಗಾಡಿ ಹೂಡುತ್ತಿದ್ದರು. ಮೆಟ್ಟು ಮೆಟ್ಟಿಕೊಳ್ಳುತ್ತಿದ್ದೆ. ಕೀಲಿಕೈಯ ಸದ್ದು ಹತ್ತಿರ ಬಂತು. ಭಾಗಮ್ಮ ಹೊಸ್ತಿಲ ಮೇಲೆ ಬಂದು ನಿಂತರು. ಮೊದಲಿನದೇ ತುಂಟ ನಗೆ.

"ಡಾಕ್ಟರ, ಊಟಕ್ಕ ಏಳ್ರಿ. ಹಂಗ ಬಿಡಂಗಿಲ್ಲ ಮತ್ತ. ನಿಮ್ಮ ಮನ್ಯಾಕಿ ಹೆಸರು ಹೇಳಿ ಒಳಗ ಬರ್ರಿ."

ಶಿವರಾಯನ ಕೈಯಲ್ಲಿದ್ದ ಹಗ್ಗ ಜಾರಿತು. ಸೊಸೆ ಏನೋ ಹೇಳಹೋದಳು. ನಾನು ಕಣ್ಣಿನಲ್ಲೇ ಬೇಡವೆಂದೆ. ರೇವಣಸಿದ್ದಪ್ಪನವರು ನನ್ನನ್ನು ನೋಡಿದರು. ಆ ಹಕ್ಕಿಯ ಕಣ್ಣಿನಲ್ಲಿ ಪ್ರಶ್ನೆ ಇರಲಿಲ್ಲ. ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ರೋಗ ಇತ್ತು. ನನ್ನ ಗುರುಗಳ ಬಾಯಿ ಮುಚ್ಚಿಸುವ ರೋಗಿ ಸಿಕ್ಕಿದ್ದರು. ನನ್ನ ತೀರ್ಪು ಒಂದರ್ಥದಲ್ಲಿ ಸರಿಯಾಗಿಯೇ ಇತ್ತು. ಅಷ್ಟು ನಾಚಿಕೆ ನನಗೆ ತಪ್ಪು ಮಾಡಿದಾಗಲೂ ಆಗಿರಲಿಲ್ಲ. ಸರಿಯಾದ ಮಾತಿನಿಂದಲೇ ಒಂದು ಮನೆಯನ್ನು ಮೂಲೆಗೆ ಕೂರಿಸಿಬಿಟ್ಟಿದ್ದೆನಲ್ಲ.

ಶಿವರಾಯನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಕೀಲಿಕೈ ಅವರ ಟೊಂಕದಾಗ ಇರ್ಲಿ. ಅಡಿಗಿ ಮಾಡುವಾಗ ಒಬ್ಬರು ಹತ್ರ ಕೂಡ್ರಿ. ಯಾರೂ ಪರೀಕ್ಷಾ ಮಾಡಬ್ಯಾಡ್ರಿ." ಇಷ್ಟು ದಿನದ ಡಾಕ್ಟರಿಕೆಯಲ್ಲಿ ನಾನು ಬರೆದುಕೊಟ್ಟ ಒಳ್ಳೆಯ ಔಷಧ ಅದೊಂದೇ ಇರಬೇಕು.

ಆಮೇಲೆ ಮೆಟ್ಟು ಬಿಚ್ಚಿ ಹೊಸ್ತಿಲ ಮುಂದೆ ಕೈಕಟ್ಟಿ ನಿಂತೆ. ಈ ಸಲ, ಹೇಗೋ, ಬಂತು.

"ಧಾರವಾಡದ ಪೇಡೆ, ಮುಂಬಯಿಯ ಬಾಳೆ,
ಅಡಿಗಿ ಮಾಡಿ ದಾರಿ ನೋಡ್ತಾಳ ನಮ್ಮ ಸುಶೀಲೆ."

"ಶಾಬಾಸ್!" ಭಾಗಮ್ಮ ಚಪ್ಪಾಳೆ ತಟ್ಟಿದರು. "ಒಳಗ ಬರ್ರಿ ಈಗ."

ಒಳಗೆ ಹೋದೆ. ಮಣೆ ಇನ್ನೂ ಎತ್ತಿರಲಿಲ್ಲ. ರೇವಣಸಿದ್ದಪ್ಪನವರೂ ಬಂದು ನನ್ನ ಪಕ್ಕದ ಮಣೆಯ ಮೇಲೆ ಕುಳಿತರು. ಶಿವರಾಯನೂ ಬಂದು ಕುಳಿತ. ಭಾಗಮ್ಮ ಬಿಸಿ ರೊಟ್ಟಿ ಹಾಕಿದರು, ಮೇಲೆ ಬೆಣ್ಣೆ ಇಟ್ಟರು, ಬಹಳ ಹಸಿದಿರಬೇಕಲ್ಲ ಎಂದು ಕೇಳಿದರು.

"ಹೌದ್ರಿ ಆಯಿ," ಎಂದೆ. "ಮುಂಜಾನಿಯಿಂದ ಏನೂ ತಿಂದಿಲ್ಲ."